ಟ್ಯಾಂಕುಗಳಿಗಿಂತ ಮುಂದೆ ನಡೆದವರು: ಮೇಜರ್ ರಾಮ ರಾಘೋಬಾ ರಾಣೆ, ಅವರ ನಾಲ್ಕು ದಿನಗಳು ಮತ್ತು ಆಮೇಲಿನ ಬದುಕು

ಪರಮವೀರ ಚಕ್ರ ಎಂದೊಡನೆ ಹಾರ ಹಾಕಿದ ಭಾವಚಿತ್ರವೊಂದು ಕಣ್ಣಮುಂದೆ ಬರುತ್ತದೆ. ಅದು ಸಹಜವೇ. ಈವರೆಗೆ ಈ ಪದಕ ಪಡೆದ 21 ಯೋಧರಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿದೆ. ಬದುಕುಳಿದು ಅದನ್ನು ಎದೆಯ ಮೇಲೆ ಧರಿಸಿದವರು ಏಳೇ ಮಂದಿ. ಶೌರ್ಯ ತೋರಿದ ದಿನಾಂಕವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಏಳರಲ್ಲಿ ಮೊದಲಿಗರು ನಮ್ಮ ಉತ್ತರ ಕನ್ನಡದವರು. ಕಾರವಾರದ ಬಳಿಯ ಚೆಂಡಿಯಾ ಊರಿನ ರಾಮ ರಾಘೋಬಾ ರಾಣೆ.

ರಾಣೆಯವರ ಪರಿಚಯ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಬಿಡುತ್ತದೆ: 1948ರ ಕಾಶ್ಮೀರ ಯುದ್ಧದಲ್ಲಿ ನೆಲಬಾಂಬ್‌ಗಳನ್ನು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಸಾಲು ಸರಿಯಾಗಿಯೇ ಇದೆ. ಆದರೆ ಆ ಕೆಲಸ ಏನು, ಅದಕ್ಕೆ ದೇಶದ ಅತ್ಯುನ್ನತ ಯುದ್ಧಕಾಲದ ಪದಕವನ್ನೇ ಏಕೆ ಕೊಟ್ಟರು ಎಂಬುದು ಅದರಿಂದ ತಿಳಿಯುವುದಿಲ್ಲ. ಶತ್ರುವಿನ ಮೇಲೆ ಎರಗಿ ಗೆದ್ದ ಕಥೆ ಇದಲ್ಲ. ದಿನಗಟ್ಟಲೆ ಬಗ್ಗಿ ಮಣ್ಣು ಕೆದಕಿದ, ಮರ ಸಿಡಿಸಿದ, ದಾರಿ ಕಡಿದ ಕಥೆ. ದೈಹಿಕ ಶ್ರಮವೇ ಶೌರ್ಯವಾದ ಇಂಥ ಉದಾಹರಣೆ ಆ 21 ಹೆಸರುಗಳಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಪೊಲೀಸ್ ಪೇದೆಯ ಮನೆ

ರಾಣೆ ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ರಾಘೋಬಾ ರಾಣೆ ಪೊಲೀಸ್ ಪೇದೆ. ಅವರ ಸ್ವಂತ ಊರಾದ ಚೆಂಡಿಯಾ ಇಂದು ಕದಂಬ ನೌಕಾನೆಲೆ ಇರುವ ಅರ್ಗಾದ ಪಕ್ಕದಲ್ಲಿದೆ. ಪೇದೆಯ ನೌಕರಿ ಎಂದರೆ ಮೇಲಿಂದ ಮೇಲೆ ವರ್ಗಾವಣೆ. ತಂದೆಯ ಹಿಂದೆ ಊರೂರು ಸುತ್ತಿದ ಹುಡುಗನಿಗೆ ಒಂದೇ ಶಾಲೆಯಲ್ಲಿ ನೆಲೆನಿಂತು ಕಲಿಯುವ ಭಾಗ್ಯ ಸಿಗಲಿಲ್ಲ.

1930ರಲ್ಲಿ ಆತನಿಗೆ 12 ವರ್ಷ. ಗಾಂಧೀಜಿಯ ಕರೆಗೆ ಉತ್ತರ ಕನ್ನಡ ಓಗೊಟ್ಟ ಪರಿ ನಮಗೆಲ್ಲ ಗೊತ್ತೇ ಇದೆ. ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕೊಡುವುದಿಲ್ಲವೆಂದು ನಿಂತು ಹೊಲ ಮನೆ ಕಳೆದುಕೊಂಡರು. ಆ ಕಾಲದ ಸ್ವಾತಂತ್ರ್ಯದ ಗಾಳಿ ಈ ಹುಡುಗನಿಗೂ ಸೋಕಿತು. ತಂದೆಗೆ ದಿಗಿಲಾಯಿತು. ಅವರ ಜಾಗದಲ್ಲಿ ನಿಂತು ನೋಡಿದರೆ ಆ ದಿಗಿಲು ಅರ್ಥವಾಗುತ್ತದೆ. ಸತ್ಯಾಗ್ರಹಿಗಳನ್ನು ಹಿಡಿದು ತರಬೇಕಾದ ಇಲಾಖೆಯ ಅನ್ನ ಉಣ್ಣುವ ಮನೆಯಲ್ಲೇ ಚಳವಳಿಯತ್ತ ವಾಲಿದ ಮಗ ಇದ್ದಾನೆಂದರೆ ನೌಕರಿಗೆ ಸಂಚಕಾರ. ಅವರು ಸಂಸಾರವನ್ನು ಚೆಂಡಿಯಾಕ್ಕೆ ಕರೆತಂದುಬಿಟ್ಟರು.

ಅದೇ ಹುಡುಗ ಹತ್ತು ವರ್ಷಗಳ ಬಳಿಕ, 1940ರ ಜುಲೈ 10ರಂದು, ಬ್ರಿಟಿಷರ ಸೇನೆಗೆ ಸೇರಿದ. ಇದನ್ನು ವಿರೋಧಾಭಾಸ ಎಂದು ಕೆಲವರು ನೋಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಭಾರತದ 25 ಲಕ್ಷದಷ್ಟು ಜನ ಸೇನೆಯಲ್ಲಿದ್ದರು, ಬಹುಪಾಲು ರಾಣೆಯಂಥ ಮನೆಗಳಿಂದಲೇ ಬಂದವರು. ಸಂಬಳ, ಊಟ, ಕಸುಬು, ಸಾಹಸ ಎಲ್ಲವೂ ಅವರನ್ನು ಅಲ್ಲಿಗೆ ಎಳೆದಿದ್ದವು.

ಸೇರಿದ್ದು ಬಾಂಬೆ ಎಂಜಿನಿಯರ್ಸ್ ಪಡೆಗೆ. ಕಾರವಾರದವರು ಮುಂಬಯಿಯ ಪಡೆಗೇಕೆ ಎಂದು ಇಂದಿನ ಓದುಗರು ಕೇಳಬಹುದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕಿತ್ತು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಗಿತ್ತು. 1956ರ ನವೆಂಬರ್ 1ರವರೆಗೂ ಜಿಲ್ಲೆ ಅಲ್ಲೇ ಇತ್ತು. ಹೀಗಾಗಿ ಚೆಂಡಿಯಾದ ಯುವಕನಿಗೆ ತರಬೇತಿಯ ಊರು ಪುಣೆಯ ಕಿರ್ಕಿ, ಅಂದರೆ ಈಗಿನ ಖಡಕಿ. ಬೆಂಗಳೂರಿನ ಹಲಸೂರು ಕೆರೆಯ ಬಳಿ ನಾವು ಕಾಣುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದರ ಸೋದರ ಪಡೆ. ರೂರ್ಕಿಯ ಬೆಂಗಾಲ್ ಎಂಜಿನಿಯರ್ ಗ್ರೂಪ್ ಮೂರನೆಯದು. ತರಬೇತಿ ಮುಗಿದಾಗ ರಾಣೆ ತಮ್ಮ ತಂಡದ ಅತ್ಯುತ್ತಮ ಸೈನಿಕರೆಂದು ಆಯ್ಕೆಯಾಗಿ ಕಮಾಂಡಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು.

ಮೊದಲ ಯುದ್ಧ ಬರ್ಮಾದಲ್ಲಿ. 26ನೇ ಪದಾತಿ ಡಿವಿಷನ್ ಅರಾಕಾನ್ ಪ್ರದೇಶದಿಂದ ಹಿಂದೆ ಸರಿಯುವಾಗ, ಬುಥಿಡಾಂಗ್‌ನಲ್ಲಿ ಉಳಿದಿದ್ದ ಮುಖ್ಯ ಸ್ವತ್ತುಗಳು ಜಪಾನೀಯರ ಕೈಗೆ ಸಿಗದಂತೆ ನಾಶಮಾಡಲು ರಾಣೆಯವರ ತಂಡವನ್ನು ಹಿಂದೆ ಬಿಡಲಾಯಿತು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗು ಬಂದು ಅವರನ್ನು ಕರೆದೊಯ್ಯಬೇಕಿತ್ತು. ಆ ಏರ್ಪಾಡು ಕೈಗೂಡಲಿಲ್ಲ. ಜಪಾನಿ ಕಾವಲಿದ್ದ ನದಿಯನ್ನು ತಾವೇ ದಾಟಿ ತಂಡ ತನ್ನ ಡಿವಿಷನ್ ಸೇರಿಕೊಂಡಿತು. ರಾಣೆ ಹವಾಲ್ದಾರರಾದರು. ಸೋಲಿನ ಹೊತ್ತಿನಲ್ಲಿ ಎಲ್ಲರೂ ಹೊರಟ ಮೇಲೆ ಉಳಿದು ಕೆಲಸ ಮುಗಿಸುವ ಜವಾಬ್ದಾರಿ ಯಾರಿಗೆ ಬರುತ್ತದೆ ಎಂಬುದನ್ನು ಗಮನಿಸಬೇಕು. ಎಂಜಿನಿಯರ್ ಪಡೆಯವರು ಮುನ್ನುಗ್ಗುವಾಗ ಎಲ್ಲರಿಗಿಂತ ಮುಂದೆ, ಹಿಂದೆ ಸರಿಯುವಾಗ ಎಲ್ಲರಿಗಿಂತ ಕೊನೆಗೆ.

1947ರ ಡಿಸೆಂಬರ್ 15ರಂದು ರಾಣೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ಅಧಿಕಾರಿಗಳ ಸಾಲಿಗೆ ಸೇರಿದರು. ಅದಾಗಿ ನಾಲ್ಕು ತಿಂಗಳು ತುಂಬುವ ಮೊದಲೇ ಕಾಶ್ಮೀರ ಯುದ್ಧದಲ್ಲಿ, ರಾಜೌರಿಗೆ ಹೋಗುವ ದಾರಿಯ ಬರ್ವಾಲಿ ಗುಡ್ಡಸಾಲು ಎದುರಾಯಿತು.

ಒಂದೇ ದಾರಿ

1947ರ ಅಕ್ಟೋಬರ್‌ನಲ್ಲಿ ದಾಳಿಕೋರರು ಜಮ್ಮು ಮತ್ತು ಕಾಶ್ಮೀರಕ್ಕೆ ನುಗ್ಗಿದ್ದು ಎಲ್ಲರಿಗೂ ತಿಳಿದ ಸಂಗತಿ. ಶ್ರೀನಗರ ಉಳಿಯಿತು. ಪೀರ್ ಪಂಜಾಲ್ ಪರ್ವತಸಾಲಿನ ದಕ್ಷಿಣದ ಕಥೆಯನ್ನು ನಾವು ಅಷ್ಟಾಗಿ ಓದುವುದಿಲ್ಲ. ನವೆಂಬರ್‌ನಲ್ಲಿ ರಾಜೌರಿ ಬಿತ್ತು, ಊರಿನಲ್ಲಿ ಅಪಾರ ಸಾವುನೋವಾಯಿತು. ಡಿಸೆಂಬರ್‌ನಲ್ಲಿ ಝಂಗಡ್ ಕೈತಪ್ಪಿತು. ನೌಶೇರಾವನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಉಳಿಸಿಕೊಂಡರು, 1948ರ ಮಾರ್ಚ್ 18ರಂದು ಝಂಗಡ್ ಮರಳಿ ವಶವಾಯಿತು. ಮುಂದಿನ ಗುರಿ ರಾಜೌರಿ. ಅಲ್ಲಿ ಸಿಕ್ಕಿಬಿದ್ದವರ ಪ್ರಾಣ ಪ್ರತಿದಿನವೂ ಅಪಾಯದಲ್ಲಿತ್ತು, ಹಾಗಾಗಿ ಬೇಗ ತಲುಪಬೇಕಿತ್ತು.

ಬೇಗ ತಲುಪಲು ಟ್ಯಾಂಕ್ ಬೇಕು, ಟ್ಯಾಂಕಿಗೆ ರಸ್ತೆ ಬೇಕು. ನೌಶೇರಾದಿಂದ ರಾಜೌರಿಗೆ ಇದ್ದದ್ದು ಒಂದೇ ರಸ್ತೆ. ಮೊಗಲ್ ಬಾದಶಹರು ಕಾಶ್ಮೀರಕ್ಕೆ ಹೋಗಿ ಬರುತ್ತಿದ್ದ ಹಳೆಯ ಹಾದಿಯೇ ಅದು, ನಡುವಿನ ಚಿಂಗಸ್‌ನಲ್ಲಿ ಇಂದಿಗೂ ಮೊಗಲರ ಸರಾಯಿ ಇದೆ. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಕಣಿವೆ. ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತಿದವರಿಗೆ ಇಂಥ ರಸ್ತೆಯ ಸ್ವಭಾವ ಗೊತ್ತು: ಒಂದು ತಿರುವಿನಲ್ಲಿ ಒಂದು ಮರ ಬಿದ್ದರೆ ಸಾಕು, ಮುಂದಿನವರಿಗೂ ಹಿಂದಿನವರಿಗೂ ದಾರಿಯಿಲ್ಲ.

ಶತ್ರುಗಳು ಮಾಡಿದ್ದೂ ಅದನ್ನೇ. ದೊಡ್ಡ ಪೈನ್ ಮರಗಳನ್ನು ರಸ್ತೆಗೆ ಅಡ್ಡ ಕೆಡವಿದರು. ಮೋರಿಗಳನ್ನು ಒಡೆದರು. ರಸ್ತೆಯ ಅಂಚಿನ ಒಡ್ಡುಗಳನ್ನು ಸಿಡಿಸಿದರು. ಮರಗಳ ಸುತ್ತ ನೆಲಬಾಂಬ್ ಹುಗಿದರು. ಇಷ್ಟೇ ಆಗಿದ್ದರೆ ಬರೀ ತಡವಾಗುತ್ತಿತ್ತು. ಅಡೆತಡೆಗೆ ಕಾವಲಾಗಿ ಗುಡ್ಡದ ಮೇಲೆ ಮೆಷಿನ್ ಗನ್ ಇಟ್ಟಾಗ ಅದು ಬಲೆಯಾಗುತ್ತದೆ. ಮರ ಎತ್ತಲು ಬಂದವನಿಗೆ ಗುಂಡು, ಎತ್ತದಿದ್ದರೆ ನಿಂತ ಟ್ಯಾಂಕಿಗೆ ಮಾರ್ಟರ್ ಶೆಲ್.

ನೆಲಬಾಂಬ್ ತೆಗೆಯುವ ಬಗೆಯನ್ನೂ ಸ್ವಲ್ಪ ಹತ್ತಿರದಿಂದ ನೋಡೋಣ. ಟ್ಯಾಂಕ್ ನಿರೋಧಕ ಬಾಂಬ್ ಸಿಡಿಯುವುದು ಮೇಲಿನಿಂದ ಭಾರ ಬಿದ್ದಾಗ. ಆದ್ದರಿಂದ ಅದನ್ನು ಹುಡುಕುವವನು ಮೊಣಕಾಲೂರಿ ಅಥವಾ ಹೊಟ್ಟೆಯ ಮೇಲೆ ಮಲಗಿ, ಮೊನಚಾದ ಕಡ್ಡಿಯನ್ನೋ ಬಯೊನೆಟ್ಟನ್ನೋ ನೆಲಕ್ಕೆ ಓರೆಯಾಗಿ, ಮೆಲ್ಲಗೆ ಚುಚ್ಚುತ್ತಾ ಹೋಗುತ್ತಾನೆ. ನೇರವಾಗಿ ಚುಚ್ಚಿದರೆ ತುದಿ ಬಾಂಬಿನ ನೆತ್ತಿಗೆ ತಾಗುತ್ತದೆ, ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಾಗುತ್ತದೆ. ಗಟ್ಟಿ ವಸ್ತು ಸಿಕ್ಕಿತೆಂದರೆ ಕಡ್ಡಿ ಬಿಟ್ಟು ಬೆರಳಿನಿಂದ ಮಣ್ಣು ಸರಿಸಬೇಕು. ಅದರ ಕೆಳಗೆ ಇನ್ನೊಂದು ಬಾಂಬನ್ನು ಕಟ್ಟಿದ್ದಾರೆಯೇ ಎಂದು ತಡಕಿ ನೋಡಬೇಕು. ಆಮೇಲೆ ಅದನ್ನು ನಿಷ್ಕ್ರಿಯಗೊಳಿಸಬೇಕು. ಇದೆಲ್ಲ ಮುಗಿದ ಮೇಲೆ ಮುಂದಿನ ಗೇಣು ನೆಲ. ಅವಸರಕ್ಕೆ ಇದರಲ್ಲಿ ಜಾಗವೇ ಇಲ್ಲ. ಆದರೆ ರಾಜೌರಿ ದಾರಿಯಲ್ಲಿ ಅವಸರವೇ ಮುಖ್ಯವಾಗಿತ್ತು.

ನಾಲ್ಕು ದಿನಗಳ ದಿನಚರಿ

ರಾಣೆಯವರಿಗೆ ಸಂದ ಪದಕದ ಪ್ರಶಸ್ತಿಪತ್ರ ಓದಲು ಕೆಲಸದ ದಿನಚರಿಯಂತಿದೆ. ವೇಳೆ, ಜಾಗ, ಮಾಡಿದ ಕೆಲಸ, ಮುಂದಿನ ವೇಳೆ. ಅದೇ ಕ್ರಮದಲ್ಲಿ ಹೇಳುವುದು ಒಳ್ಳೆಯದು.

1948ರ ಏಪ್ರಿಲ್ 8. ನೌಶೇರಾ-ರಾಜೌರಿ ರಸ್ತೆಯ 26ನೇ ಮೈಲಿಯ ಬಳಿ ನೆಲಬಾಂಬ್ ಮತ್ತು ಅಡೆತಡೆ ತೆರವಿನ ಹೊಣೆ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ರಾಣೆಯವರದು. ಬೆಳಿಗ್ಗೆ 11ಕ್ಕೆ, ತಂಡ ಟ್ಯಾಂಕುಗಳ ಪಕ್ಕದಲ್ಲಿ ಕೆಲಸ ಆರಂಭಿಸಲು ಕಾಯುತ್ತಿರುವಾಗಲೇ ಮಾರ್ಟರ್ ದಾಳಿ. ಇಬ್ಬರು ಸತ್ತರು. ಐವರು ಗಾಯಗೊಂಡರು, ಅವರಲ್ಲಿ ರಾಣೆಯೂ ಒಬ್ಬರು. ಉಳಿದವರನ್ನು ಆ ಕ್ಷಣವೇ ಮತ್ತೆ ಒಟ್ಟುಗೂಡಿಸಿ ಅವರು ಕೆಲಸಕ್ಕಿಳಿದರು. ಸಂಜೆ ನಾಲ್ಕೂವರೆಯ ಹೊತ್ತಿಗೆ ಬರ್ವಾಲಿ ಗುಡ್ಡಸಾಲು ನಮ್ಮ ಪಡೆಯ ವಶವಾಯಿತು. ಶತ್ರುಗಳು ಸುತ್ತಮುತ್ತ ಇನ್ನೂ ಇದ್ದಾರೆಂದು ತಿಳಿದೂ ರಾಣೆ ತಂಡವನ್ನು ಮುಂದಕ್ಕೆ ಒಯ್ದು ಟ್ಯಾಂಕುಗಳಿಗಾಗಿ ಬದಲಿ ದಾರಿ ಕಡಿಯತೊಡಗಿದರು. ರಾತ್ರಿ 10ರವರೆಗೆ, ಮೆಷಿನ್ ಗನ್ ಗುಂಡುಗಳ ನಡುವೆ.

ಏಪ್ರಿಲ್ 9. ಬೆಳಿಗ್ಗೆ 6ಕ್ಕೆ ಮತ್ತೆ ಆರಂಭ. ಮಧ್ಯಾಹ್ನ 3ಕ್ಕೆ ಬದಲಿ ದಾರಿ ಸಿದ್ಧ. ಟ್ಯಾಂಕುಗಳು ಹೊರಟಾಗ ರಾಣೆ ಎಲ್ಲಕ್ಕಿಂತ ಮುಂದಿನ ವಾಹನವನ್ನೇರಿದರು. ಅರ್ಧ ಮೈಲಿಗೆ ಪೈನ್ ಮರಗಳ ಅಡ್ಡ, ಇಳಿದು ಸಿಡಿಸಿದರು. ಮುನ್ನೂರು ಗಜ ದಾಟಿದರೆ ಮತ್ತೊಂದು, ಅದನ್ನೂ ಸಿಡಿಸಿದರು. ಸಂಜೆ 5ರ ಹೊತ್ತಿಗೆ ಒಡೆದ ಮೋರಿ. ಕೆಲಸ ಶುರುವಾಗುವ ಮೊದಲೇ ಗುಂಡಿನ ಮಳೆ. ಪಕ್ಕದಲ್ಲಿ ದಾರಿ ಮಾಡಿ ವಾಹನಗಳನ್ನು ದಾಟಿಸಿದರು. 6.15ಕ್ಕೆ, ಬೆಳಕು ಕಂದುತ್ತಿರುವಾಗ, ಐದು ಭಾರಿ ಪೈನ್ ಮರಗಳ ತಡೆ ಎದುರಾಯಿತು. ಸುತ್ತ ನೆಲಬಾಂಬ್, ಮೇಲೆ ಮೆಷಿನ್ ಗನ್. ರಾಣೆ ಬಾಂಬ್ ತೆಗೆಯಲು ಕುಳಿತೇಬಿಟ್ಟಿದ್ದರು. ಟ್ಯಾಂಕ್ ಪಡೆಯ ನಾಯಕರು ಪರಿಸ್ಥಿತಿ ನೋಡಿ ಅಂದಿನ ಮುನ್ನಡೆಯನ್ನು ಅಲ್ಲಿಗೆ ನಿಲ್ಲಿಸಿ ಪಡೆಯನ್ನು ಸುರಕ್ಷಿತ ಜಾಗಕ್ಕೆ ಒಯ್ದರು.

ಏಪ್ರಿಲ್ 10. ನಸುಕಿನ 4.45ಕ್ಕೆ ಅದೇ ಐದು ಮರಗಳ ಮುಂದೆ. ಕೆಲವು ಟ್ಯಾಂಕುಗಳ ಬೆಂಬಲದೊಂದಿಗೆ 6.30ಕ್ಕೆ ಆ ತಡೆ ಬಯಲಾಯಿತು. ಮುಂದಿನ ಸಾವಿರ ಗಜ ಪೂರ್ತಿ ಅಡೆತಡೆಗಳು, ಸಿಡಿದ ಒಡ್ಡುಗಳು. 10.30ಕ್ಕೆ ಅದೂ ತೆರವಾಯಿತು. ಟ್ಯಾಂಕುಗಳು ಮುಖ್ಯರಸ್ತೆ ಬಿಟ್ಟು ತವಿ ನದಿಯ ಪಾತ್ರಕ್ಕಿಳಿದು ಮಧ್ಯಾಹ್ನ 2ಕ್ಕೆ ಚಿಂಗಸ್ ಸೇರಿದವು. (ಇದು ಜಮ್ಮು ನಗರದ ತವಿ ಅಲ್ಲ, ರಾಜೌರಿ ಮತ್ತು ನೌಶೇರಾಗಳನ್ನು ಹಾದುಬರುವ ಇನ್ನೊಂದು ತವಿ.)

ನನ್ನನ್ನು ಬಹಳವಾಗಿ ತಟ್ಟುವುದು ಇದರ ಮುಂದಿನ ಭಾಗ. ಟ್ಯಾಂಕುಗಳು ತಲುಪಿಯಾಗಿತ್ತು, ಅಂದಿನ ಗುರಿ ಮುಗಿದಿತ್ತು. ಗಾಯಗೊಂಡ ಅಧಿಕಾರಿ ಅಲ್ಲಿ ಕುಳಿತು ಉಸಿರು ತೆಗೆದುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಊಟ, ಮದ್ದುಗುಂಡು, ಇಂಧನ, ಔಷಧಿ ಹೊತ್ತ ಲಾರಿಗಳು ನದಿಪಾತ್ರದಲ್ಲಿ ಹೋಗಲಾರವು, ಅವಕ್ಕೆ ರಸ್ತೆಯೇ ಬೇಕು. ರಸ್ತೆ ತೆರೆಯದಿದ್ದರೆ ಮುಂದೆ ಹೋದ ಟ್ಯಾಂಕುಗಳು ಅಲ್ಲೇ ಒಂಟಿಯಾಗುತ್ತವೆ. ರಾಣೆ ಅನ್ನ ವಿಶ್ರಾಂತಿಗಳಿಲ್ಲದೆ ರಾತ್ರಿ 9ರವರೆಗೆ ರಸ್ತೆಯ ಕೆಲಸ ಮಾಡಿದರು. ಆ ದಿನದ ದುಡಿಮೆ 16 ಗಂಟೆಗೂ ಹೆಚ್ಚು.

ಏಪ್ರಿಲ್ 11. ಬೆಳಿಗ್ಗೆ 6ಕ್ಕೆ ಮತ್ತೆ ಹೊರಟು 11ಕ್ಕೆ ಚಿಂಗಸ್‌ವರೆಗಿನ ರಸ್ತೆ ತೆರೆದರು. ಅಲ್ಲಿಂದ ಮುಂದಿನ ರಸ್ತೆಯಲ್ಲಿ ರಾತ್ರಿ 10ರವರೆಗೆ. ಮರುದಿನ ನಮ್ಮ ಪಡೆ ರಾಜೌರಿ ಮುಟ್ಟಿತು. ರಾಜೌರಿಯ ಜನ ಇಂದಿಗೂ ಏಪ್ರಿಲ್ 13ನ್ನು ತಮ್ಮ ಊರಿನ ದಿನವಾಗಿ ಆಚರಿಸುತ್ತಾರೆ.

ರಾಣೆಯವರ ಬಗ್ಗೆ ಇನ್ನೊಂದು ಸಂಗತಿಯನ್ನು ಸೈನಿಕರು ಬಹಳ ಹೇಳುತ್ತಾರೆ. ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ ಬಾಂಬ್ ಹುಡುಕಿದರು, ಚಾಲಕನಿಗೆ ಹಗ್ಗ ಜಗ್ಗಿ ನಿಲ್ಲು, ಹೊರಡು ಎಂದು ಸನ್ನೆ ಮಾಡಿದರು ಎಂಬುದು. ಟ್ಯಾಂಕಿನ ಉಕ್ಕು ಗುಂಡುಗಳನ್ನು ತಡೆಯುತ್ತದೆ, ಆದರೆ ಚಾಲಕ ಒಂದು ಮೊಳ ಹೆಚ್ಚು ಮುಂದೆ ಬಂದರೆ ಸರಪಳಿಯ ಕೆಳಗೆ ಸಿಕ್ಕುವವನು ತೆವಳುತ್ತಿರುವವನೇ. ಪ್ರಶಸ್ತಿಪತ್ರದಲ್ಲಿ ಈ ಹಗ್ಗದ ಮಾತಿಲ್ಲ. ಹಾಗೆಂದು ಅದನ್ನು ಬಿಟ್ಟರೂ ರಾಣೆಯವರ ಸಾಧನೆ ಕಿಂಚಿತ್ತೂ ಕುಗ್ಗುವುದಿಲ್ಲ. ಮೇಲಿನ ವೇಳಾಪಟ್ಟಿಯೇ ಸಾಕು.

ಪದಕಕ್ಕೆ ಎರಡು ವರ್ಷ ಏಕೆ ಬೇಕಾಯಿತು

ಶೌರ್ಯ ತೋರಿದ್ದು 1948ರಲ್ಲಿ, ಪದಕ ಪ್ರಕಟವಾದದ್ದು 1950ರಲ್ಲಿ. ಕಡತ ಎಲ್ಲೋ ಕೊಳೆಯಿತೆಂದು ಭಾವಿಸಬೇಕಿಲ್ಲ. ಆಗ ಕೊಡಲು ಪದಕವೇ ಇರಲಿಲ್ಲ. ಸ್ವತಂತ್ರ ಭಾರತ ತನ್ನ ಯೋಧರಿಗೆ ಬ್ರಿಟಿಷ್ ದೊರೆಯ ವಿಕ್ಟೋರಿಯಾ ಕ್ರಾಸ್ ಕೊಡುವಂತಿರಲಿಲ್ಲ, ತನ್ನದೇ ಶೌರ್ಯ ಪದಕಗಳನ್ನು ಅಧಿಕೃತವಾಗಿ ಸ್ಥಾಪಿಸಿದ್ದು ಗಣರಾಜ್ಯವಾದ 1950ರ ಜನವರಿ 26ರಂದು. ಅದನ್ನು 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಿದ್ದರಿಂದ ಕಾಶ್ಮೀರ ಯುದ್ಧದ ಐವರಿಗೆ ಅದು ಸಂದಿತು. ಸೋಮನಾಥ ಶರ್ಮಾ, ಜದುನಾಥ್ ಸಿಂಗ್, ಪೀರು ಸಿಂಗ್ ಆಗಲೇ ಇಲ್ಲವಾಗಿದ್ದರು. ಉಳಿದವರು ರಾಣೆ ಮತ್ತು ಕರಮ್ ಸಿಂಗ್. ಕರಮ್ ಸಿಂಗ್ ಅವರ ಕದನ ನಡೆದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ.

ಪದಕ ಕಂಚಿನದು, ನೇರಳೆ ಪಟ್ಟಿ, ನಡುವಿನ ರಾಷ್ಟ್ರಲಾಂಛನದ ಸುತ್ತ ಇಂದ್ರನ ನಾಲ್ಕು ವಜ್ರಾಯುಧಗಳು. ಇದನ್ನು ರೂಪಿಸಿದವರು ಸೇನಾಧಿಕಾರಿಯ ಪತ್ನಿ ಸಾವಿತ್ರಿಬಾಯಿ ಖಾನೋಲ್ಕರ್. ಯುರೋಪಿನಲ್ಲಿ ಹುಟ್ಟಿ, ಮದುವೆಯಾಗಿ ಭಾರತಕ್ಕೆ ಬಂದು, ನಮ್ಮ ಪುರಾಣಗಳನ್ನು ಆಳವಾಗಿ ಓದಿಕೊಂಡಿದ್ದ ಮಹಿಳೆ.

ಪದಕದ ಆಮೇಲೆ

ವೀರರ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ರಾಣೆ ಬದುಕಿದ್ದರು, ಹಾಗಾಗಿ ಮುಂದುವರಿಯುತ್ತದೆ.

ಪದಕ ಬಂದಾಗ ಅವರಿಗೆ ಮದುವೆಯಾಗಿರಲಿಲ್ಲ. 1955ರ ಫೆಬ್ರುವರಿಯಲ್ಲಿ, 36ನೇ ವಯಸ್ಸಿನಲ್ಲಿ, ಲೀಲಾ ಅವರನ್ನು ವರಿಸಿದರು. ಮದುವೆಯ ಬಳಿಕ ಅವರ ಹೆಸರು ರಾಜೇಶ್ವರಿ ಎಂದಾಯಿತು. ದಂಪತಿಗೆ ನಾಲ್ವರು ಮಕ್ಕಳು. ಬಾಲ್ಯದಲ್ಲಿ ತಂದೆಯ ವರ್ಗಾವಣೆಗಳ ಹಿಂದೆ ಅಲೆದ ರಾಣೆಯವರಿಗೆ ಸೈನಿಕನ ಸಂಸಾರವೆಂದರೆ ಏನೆಂದು ಹೊಸದಾಗಿ ಹೇಳಬೇಕಿರಲಿಲ್ಲ. ಈ ಬಗೆಯ ಮನೆಗಳಲ್ಲಿ ಮಕ್ಕಳ ಶಾಲೆ, ಬಾಡಿಗೆ, ಕಾಯಿಲೆ ಕಸಾಲೆ ಎಲ್ಲದರ ಭಾರ ಹೆಂಡತಿಯ ಹೆಗಲಿಗೇ ಬೀಳುತ್ತದೆ. ಪ್ರಶಸ್ತಿಪತ್ರಗಳಲ್ಲಿ ಅವರ ಹೆಸರಿಗೆ ಜಾಗವಿರುವುದಿಲ್ಲ, ಆದ್ದರಿಂದ ಇಲ್ಲಾದರೂ ಹೇಳುತ್ತೇನೆ.

ರಾಣೆ ಮೇಜರ್ ಆಗಿ 1968ರಲ್ಲಿ, 50 ತುಂಬುವ ಹೊತ್ತಿಗೆ ನಿವೃತ್ತರಾದರು. 28 ವರ್ಷಗಳ ಆ ಸೇವೆಯಲ್ಲಿ ಐದು ಬಾರಿ ಅವರ ಹೆಸರು ಯುದ್ಧವರದಿಗಳಲ್ಲಿ ವಿಶೇಷವಾಗಿ ನಮೂದಾಯಿತು. ರಣರಂಗದ ಸೇನಾಪತಿ ಮೇಲಿನವರಿಗೆ ಕಳುಹಿಸುವ ವರದಿಯಲ್ಲಿ ಒಬ್ಬ ಯೋಧನ ಹೆಸರನ್ನು ಮೆಚ್ಚುಗೆಯಿಂದ ಎತ್ತಿ ಹೇಳುವುದಕ್ಕೆ ಸೇನೆಯಲ್ಲಿ ಪ್ರತ್ಯೇಕ ಮಾನ್ಯತೆಯಿದೆ. ಬರ್ವಾಲಿ ಅವರ ಬದುಕಿನ ಒಂದೇ ಒಂದು ಒಳ್ಳೆಯ ದಿನವಾಗಿರಲಿಲ್ಲ ಎಂಬುದನ್ನು ಈ ಐದು ನಮೂದುಗಳು ತೋರಿಸುತ್ತವೆ. ನಿವೃತ್ತಿಯ ಮೇಲೂ ಸೇನೆ ಅವರನ್ನು ಮರುನೇಮಕ ಮಾಡಿಕೊಂಡಿತು, 1971ರ ಏಪ್ರಿಲ್‌ವರೆಗೆ ದುಡಿದರು.

ಈ ಪದಕದಿಂದ ಕುಟುಂಬಕ್ಕೆ ಏನು ಸಿಗುತ್ತದೆ ಎಂದು ಹಲವರು ಕೇಳುತ್ತಾರೆ. ಪಿಂಚಣಿಯ ಜೊತೆಗೆ ಕೇಂದ್ರ ಸರ್ಕಾರ ಪ್ರತ್ಯೇಕ ಮಾಸಿಕ ಭತ್ಯೆ ಕೊಡುತ್ತದೆ. ಪರಮವೀರ ಚಕ್ರದ ಭತ್ಯೆಯನ್ನು 2017ರಲ್ಲಿ 10,000 ರೂಪಾಯಿಯಿಂದ 20,000ಕ್ಕೆ ಏರಿಸಲಾಯಿತು. ಪದಕ ಪಡೆದವರು ತೀರಿಕೊಂಡ ಮೇಲೆ ಅದು ಪತ್ನಿಗೆ ಸಲ್ಲುತ್ತದೆ. ರಾಜ್ಯಗಳು ಕೊಡುವ ನಗದು ಮತ್ತು ಸವಲತ್ತು ಬೇರೆ, ಅದು ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಾಗುತ್ತದೆ. ಒಂದೇ ಪದಕಕ್ಕೆ ಹುಟ್ಟಿದ ಊರಿನ ಮೇಲೆ ಬೇರೆ ಬೇರೆ ಬೆಲೆ ಕಟ್ಟುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ರಾಣೆಯವರ ಬದುಕು ಇದಕ್ಕೆ ಚೆನ್ನಾದ ದೃಷ್ಟಾಂತ: ಪದಕ ಬಂದಾಗ ಅವರ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಆರು ವರ್ಷಗಳ ನಂತರ ಮೈಸೂರಿಗೆ ಸೇರಿತು. ಕನ್ನಡಿಗರೂ ಮಹಾರಾಷ್ಟ್ರದವರೂ ಅವರನ್ನು ತಮ್ಮವರೆನ್ನುತ್ತಾರೆ. ಇಬ್ಬರ ಮಾತೂ ನಿಜ.

1984ರಲ್ಲಿ ಭಾರತೀಯ ಹಡಗು ನಿಗಮ ತನ್ನ ಕಚ್ಚಾತೈಲದ ಹಡಗೊಂದಕ್ಕೆ ರಾಣೆಯವರ ಹೆಸರಿಟ್ಟಿತು. ಪರಮವೀರರ ಹೆಸರು ಹೊತ್ತ 15 ಹಡಗುಗಳಲ್ಲಿ ಅದೂ ಒಂದು. ಆಗ ರಾಣೆ ಇನ್ನೂ ಇದ್ದರು. ಕಡಲತೀರದ ಊರಿನ ಹುಡುಗ ತನ್ನ ಹೆಸರಿನ ಹಡಗು ಸಮುದ್ರಕ್ಕಿಳಿದ ಸುದ್ದಿ ಕೇಳುವಷ್ಟು ಕಾಲ ಬದುಕಿದ್ದರೆಂಬುದು ನನಗೆ ತುಂಬ ಸಂತೋಷ ಕೊಡುವ ಸಂಗತಿ. 1994ರ ಜುಲೈ 11ರಂದು, 76ನೇ ವಯಸ್ಸಿನಲ್ಲಿ, ಪುಣೆಯಲ್ಲಿ ತೀರಿಕೊಂಡರು. 2006ರಲ್ಲಿ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯದ ಬಳಿ ಅವರ ಪ್ರತಿಮೆ ಅನಾವರಣಗೊಂಡಿತು. 2023ರ ಜನವರಿ 23ರಂದು ಅಂಡಮಾನ್ ನಿಕೋಬಾರ್‌ನ ಹೆಸರಿಲ್ಲದ 21 ದ್ವೀಪಗಳಿಗೆ ಪರಮವೀರರ ಹೆಸರುಗಳನ್ನಿಟ್ಟಾಗ ಒಂದಕ್ಕೆ ರಾಣೆಯವರ ಹೆಸರು ಬಂತು.

ಪ್ರತಿಮೆ, ಹಡಗು, ದ್ವೀಪ ಎಲ್ಲವೂ ಆಗಿವೆ. ನನ್ನ ಆಸೆ ಇನ್ನೂ ಒಂದಿದೆ. ಏಪ್ರಿಲ್ 8ರ ಬೆಳಿಗ್ಗೆ 11ರಿಂದ ಏಪ್ರಿಲ್ 11ರ ರಾತ್ರಿ 10ರವರೆಗಿನ ಆ ಪ್ರಶಸ್ತಿಪತ್ರವನ್ನು, ಒಂದು ವೇಳೆಯನ್ನೂ ಬಿಡದೆ, ಕನ್ನಡದಲ್ಲಿ ಕಾರವಾರ ತಾಲ್ಲೂಕಿನ ಪ್ರತಿ ಶಾಲೆಯಲ್ಲೂ ಮಕ್ಕಳಿಗೆ ಓದಿಸಬೇಕು. ಚೆಂಡಿಯಾದ ಶಾಲೆಯಿಂದಲೇ ಅದನ್ನು ಆರಂಭಿಸಬಹುದು.